ಜುಂಜಪ್ಪ ನಿಲ್ಲಿಸಿದ ಪೈಪಿನ ಬಡಿತ

ನಮ್ಮಪ್ಪ ಜುಂಜಪ್ಪ ಹುಟ್ಟಿದ್ದು ಕುರಿ ಸಾಕುವವರ ಮನೆಯಲ್ಲಿ, ಕೈಗೆ ಹತ್ತಿದ್ದು ಪೈಪಿನ ಕೆಲಸ. ರಾಯದುರ್ಗದ ರೈಲು ಸ್ಟೇಷನ್ನಿನ ನೀರಿನ ಪಂಪಿಗೆ ಕೂಲಿಯಾಗಿ ಸೇರಿ, ನೋಡಿ ನೋಡಿಯೇ ಸ್ಪ್ಯಾನರ್ ಹಿಡಿಯಲು ಕಲಿತ. ಅಪ್ಪನಿಗೆ ಏಕವಚನವೇ ಎಂದು ಮೂಗು ಮುರಿಯಬೇಡಿ, ನಮ್ಮ ಮನೆಯ ಸಲಿಗೆ ಅದು. ಮಂದೆಯಲ್ಲಿ ಯಾವ ಕುರಿ ಕೆಮ್ಮಿತೆಂದು ಬೆನ್ನು ತಿರುಗಿಸಿ ಕೂತೇ ಹೇಳುತ್ತಿದ್ದ. ಅಂಥ ಕಿವಿ ನಾನು ಮತ್ತೆಲ್ಲೂ ಕಾಣಲಿಲ್ಲ.

ನಾನು ಚೊಚ್ಚಲ ಬಾಣಂತನಕ್ಕೆ ಮಡಕಶಿರದ ಗಂಡನ ಮನೆಯಿಂದ ತವರಿಗೆ ಬಂದಿದ್ದ ವರ್ಷದ ಮಾತು ಇದು. ಇಸವಿ ಸಾವಿರದ ಒಂಬೈನೂರ ಮೂವತ್ತೇಳೋ ಮೂವತ್ತೆಂಟೋ ಇರಬೇಕು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮೇಲೆ ಮದರಾಸು ಸರಕಾರ. ಊರ ಹೊರಗೆ ಅಧಿಕಾರಿಗಳು ಇಳಿದುಕೊಳ್ಳುವ ಬಂಗಲೆಯಲ್ಲಿ, ಸರಪಳಿ ಎಳೆದರೆ ನೀರು ಧುಮುಕುವ ಪಾಯಖಾನೆ ಹೊಸದಾಗಿ ಬಂದಿತ್ತು. ಅದನ್ನು ನೋಡಲು ಕಣೇಕಲ್ಲಿನಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಎಂದರೆ ಈಗಿನವರು ನಗುತ್ತೀರಿ. ನಗಿ, ನಗಿ. ನಾವೂ ಬಾಗಿಲ ಸಂದಿಯಿಂದ ಇಣುಕಿದವರೇ.

ಬಂಗಲೆಯ ಕಾವಲು ಕೊಟ್ರಬಸಪ್ಪನದು. ಮಾಳಿಗೆಯ ಮೇಲಿನ ತೊಟ್ಟಿಗೆ ದಿನವೂ ಕೈಪಂಪಿನಿಂದ ನೀರು ಏರಿಸುತ್ತಿದ್ದವನೂ ಅವನೇ. ಅವನು ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡ. ಹೆಂಡತಿ ದುರುಗಕ್ಕ ಅದೇ ಕೆಲಸ ಮಾಡಿಕೊಂಡು ಬಂಗಲೆಯ ಹಿಂದಿನ ಕೋಣೆಯಲ್ಲಿ ಉಳಿದಳು. ಮಕ್ಕಳಿಲ್ಲ, ತವರಿನಲ್ಲಿ ಯಾರೂ ಇಲ್ಲ.

ಅವನು ಸತ್ತು ಹದಿನೈದು ದಿನಕ್ಕೆ ಶುರುವಾಯಿತು ನೋಡಿ. ಸರಪಳಿ ಎಳೆದು ನೀರು ಇಳಿದ ಮೇಲೆ, ತಲೆಯ ಮೇಲಿನ ನೀರಿನ ಪೆಟ್ಟಿಗೆ ಮಾಳಿಗೆಯ ತೊಟ್ಟಿಯಿಂದ ಮತ್ತೆ ತುಂಬುವಾಗ ಗೋಡೆಯ ಪೈಪು ಡಬಡಬ ಬಡಿದುಕೊಳ್ಳುತ್ತಿತ್ತು. ಕೊನೆಗೆ ಧಡ್ ಎಂದು ಒಂದು ಏಟು. ಕೊಟ್ರಬಸಪ್ಪನೇ ಬಂದು ಬಡಿಯುತ್ತಾನೆ ಎಂದು ಊರೆಲ್ಲ ಗುಲ್ಲೆದ್ದಿತು. ಬಂಗಲೆಯ ಉಸ್ತುವಾರಿ ನೋಡುತ್ತಿದ್ದ ಓವರ್ಸಿಯರನಿಗೆ ಅಷ್ಟೇ ಬೇಕಿತ್ತು. ಸೋಮವಾರ ಕಲೆಕ್ಟರು ಬರುತ್ತಾರೆ, ಅಷ್ಟರಲ್ಲಿ ಸದ್ದು ನಿಲ್ಲದಿದ್ದರೆ ಗಂಟುಮೂಟೆ ಕಟ್ಟು ಎಂದು ದುರುಗಕ್ಕನಿಗೆ ಹೇಳಿದ. ಆ ಜಾಗಕ್ಕೆ ತನ್ನ ಕಡೆಯವನೊಬ್ಬನನ್ನು ಆಗಲೇ ಗೊತ್ತುಮಾಡಿ ಇಟ್ಟಿದ್ದ, ಪಾಪಿ.

ಸೂತಕದ ತಿಂಗಳು ತುಂಬಿದ ಮಾರನೆಯ ದಿನವೇ ದುರುಗಕ್ಕ ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೆ ನಿಂತಳು. "ಅಣ್ಣಾ, ಇದೊಂದು ಸರಿ ಮಾಡಿಕೊಡು. ಇಲ್ಲಾಂದ್ರ ನಾ ಎಲ್ಲಿಗೆ ಹೋಗ್ಲಿ?" ಎಂದಳು. ಅಪ್ಪ ಬಾಯಿಯ ಎಲೆಅಡಿಕೆ ಉಗಿದು ಎದ್ದ.

ಭಾನುವಾರ ಮಧ್ಯಾಹ್ನ ನಾನು ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಬಂಗಲೆಗೆ ರೊಟ್ಟಿ ಒಯ್ದೆ. ಅಪ್ಪ ತನ್ನ ಕಂಬಳಿಯ ಅಂಚು ಹರಿದು, ಪೈಪಿಗೂ ಗೋಡೆಗೂ ನಡುವೆ ತುರುಕಿದ್ದ. ದುರುಗಕ್ಕ ಸರಪಳಿ ಎಳೆದಳು. ಸದ್ದು ತಗ್ಗಿತ್ತು, ಹೋಗಿರಲಿಲ್ಲ.

"ಕಂಬಳಿ ಹೊದಿಸಿದ್ರೆ ಜ್ವರ ಹೋಗ್ತದೇನಪ್ಪಾ?" ಎಂದೆ.

"ಮಡಕಶಿರಕ್ಕ ಕೊಟ್ಟ ಮ್ಯಾಲ ನಿನ್ನ ನಾಲಿಗಿ ಉದ್ದ ಆಗೈತಿ ಓಬವ್ವ" ಎಂದು ನಕ್ಕ. ಆಮೇಲೆ ಸ್ಪ್ಯಾನರಿನ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಇಟ್ಟು, ನಾಲ್ಕು ಸಲ ಸರಪಳಿ ಎಳೆಸಿದ. ಪೆಟ್ಟಿಗೆಯ ಹತ್ತಿರ ಬಂದು ನಿಂತ. "ಪೈಪಿಂದೇನೂ ತಪ್ಪಿಲ್ಲ. ನೀರು ಬೀಳೋ ಬಾಯಾಗ ಏನೋ ಸಿಕ್ಕೈತಿ."

ಬಿಚ್ಚಿದ. ನೀರನ್ನು ತಡೆಯುವ ತೊಗಲಿನ ಬಿಲ್ಲೆ ಅರ್ಧ ಹರಿದು, ನೀರು ನುಗ್ಗಿದಾಗಲೆಲ್ಲ ಪಟಪಟ ಅಲುಗುವಂತಾಗಿತ್ತು. ಅದನ್ನು ಹರಿದದ್ದು ಅಲ್ಲೇ ಸಿಕ್ಕಿಕೊಂಡಿದ್ದ ಹಸಿರು ಬಳೆಯ ಚೂರು.

ಅಪ್ಪ ಚೂರನ್ನು ನೋಡಿದ, ದುರುಗಕ್ಕನ ಬರಿಗೈ ನೋಡಿದ. "ಹನ್ನೊಂದನೇ ದಿನ ಒಡದ ಬಳಿ ಅಣ್ಣಾ," ಎಂದಳು ಪಿಸುಮಾತಿನಲ್ಲಿ. "ನೀರಿಗೆ ಬಿಡಬೇಕಂತಾರ. ನಾ ತಿಂಗಳತನಕ ಬಂಗಲಿ ಬಿಟ್ಟು ಹೊರಗ ಕಾಲಿಡಂಗಿಲ್ಲ. ಅವರು ದಿನಾ ನೀರು ಏರಿಸ್ತಿದ್ದ ತೊಟ್ಟಿ, ಅದ್ರಾಗ ಬಿಟ್ಟೆ."

ನಮ್ಮವರಲ್ಲಿ ಗಂಡ ಸತ್ತವಳ ಒಡೆದ ಬಳೆಯನ್ನು ತಿಪ್ಪೆಗೆ ಎಸೆಯುವುದಿಲ್ಲ, ಗಂಗಮ್ಮನಿಗೇ ಒಪ್ಪಿಸಬೇಕು. ಅವಳಿಗೆ ಹತ್ತಿರವಿದ್ದ ಗಂಗೆ ಮಾಳಿಗೆಯ ಮೇಲಿನದು.

ಅಷ್ಟರಲ್ಲಿ ಓವರ್ಸಿಯರ್ ಬಾಗಿಲಿಗೆ ಬಂದ. "ಏನಿತ್ತೋ ಜುಂಜಪ್ಪ?"

ಮಕ್ಕಳನ್ನು ರಮಿಸಲೂ ಸುಳ್ಳು ಹೇಳದ ನಮ್ಮಪ್ಪ ಬಳೆಯ ಚೂರನ್ನು ಮುಷ್ಟಿಯಲ್ಲಿ ಬಿಗಿಹಿಡಿದ. "ತೊಗಲು ಹರದಿತ್ರಿ. ಹಳೇದಾಗಿತ್ತು."

"ಹೊಸ ಪೆಟ್ಟಿಗೆಯಲ್ಲಿ ಹಳೇ ತೊಗಲೇ?"

"ನಮ್ಮೂರ ನೀರು ಭಾಳ ಗಡಸು ಅದಾವ್ರಿ ಸ್ವಾಮಿ" ಎಂದ, ರೆಪ್ಪೆ ಅಲುಗಿಸದೆ.

ತನ್ನ ಕಾಲಿನ ಚಪ್ಪಲಿಯನ್ನೇ ಕತ್ತರಿಸಿ ದುಂಡಗೆ ಬಿಲ್ಲೆ ಮಾಡಿ, ಹರಳೆಣ್ಣೆಯಲ್ಲಿ ನೆನೆಸಿ ಕೂರಿಸಿದ. ಮಾಳಿಗೆ ಹತ್ತಿ, ತೊಟ್ಟಿಯ ತಳ ತಡವಿ ಉಳಿದ ಚೂರುಗಳನ್ನೆಲ್ಲ ಆರಿಸಿ ಹೆಗಲ ಮೇಲಿನ ವಲ್ಲಿಯ ತುದಿಗೆ ಕಟ್ಟಿಕೊಂಡ. ನೀರು ಇಳಿಯುವ ಬಾಯಿಗೆ ತೆಳುಬಟ್ಟೆ ಬಿಗಿದ. ಈ ಸಲ ಓವರ್ಸಿಯರನೇ ಸರಪಳಿ ಎಳೆದ. ನೀರು ಧುಮುಕಿತು, ಸುರ್ರೆಂದು ತುಂಬಿತು, ತಣ್ಣಗೆ ನಿಂತಿತು. ಇನ್ನೆರಡು ಸಲ ಎಳೆದು, ಮುಖ ಸಣ್ಣ ಮಾಡಿಕೊಂಡು ಸೈಕಲ್ ಹತ್ತಿದ.

ಸೋಮವಾರ ಕಲೆಕ್ಟರು ಬಂದರು, ನಿದ್ದೆ ಮಾಡಿದರು, ಹೋದರು. ದುರುಗಕ್ಕ ಆ ಕೋಣೆಯಲ್ಲೇ ಮುದುಕಿಯಾದಳು. ಆದರೆ ಅಪ್ಪ ಎಂದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುವುದು ಆ ಭಾನುವಾರ ಬೇವಿನ ಮರದ ಕೆಳಗೆ ಕೂತಿದ್ದವನೇ. ಪಾಯಖಾನೆ ಮುಟ್ಟಿದ್ದಕ್ಕೆ ಪಂಪಿನಡಿ ಸ್ನಾನ ಮಾಡಿ, ಒಂದೇ ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು ರೊಟ್ಟಿ ಮುರಿಯುತ್ತಿದ್ದ.

ದುರುಗಕ್ಕ ಬಂದು ತಲೆ ಎತ್ತದೆ ಕೂತಳು. "ಕೆಲಸ ಉಳೀತು ಅಣ್ಣಾ. ಆದ್ರ ಅವರ ಹೆಸರಿನ ಬಳಿ ಪಾಯಖಾನಿ ಪಾಲಾತಲ್ಲ. ನಾ ಎಂಥಾ ಪಾಪಿ!"

ಅಪ್ಪ ರೊಟ್ಟಿ ಕೆಳಗಿಟ್ಟ. ವಲ್ಲಿಯ ಗಂಟು ಬಿಚ್ಚಿ ಚೂರುಗಳನ್ನು ಅವಳ ಸೆರಗಿಗೆ ಸುರಿದ.

"ಒಂದೂ ಹೋಗಿಲ್ಲ ತಂಗೀ. ಇದೊಂದು ಮಾತ್ರ ಬಾಗಿಲತನಕ ಬಂದಿತ್ತು. ಒಳಗ ಹೋಗಾಕ ಒಲ್ಲೆ, ಒಲ್ಲೆ ಅಂತ ಹದಿನೈದು ದಿನ ಬಡಕೊಂತು. ಊರೆಲ್ಲ ಕೇಳಿಲ್ಲೇನು? ಶುಕ್ರವಾರ ಕಣೇಕಲ್ಲು ಕೆರಿಗೆ ನಾನೇ ಬಿಟ್ಟು ಬರ್ತೀನಿ. ಅಲ್ಲೀತನಕ ನಿನ್ನ ಹತ್ರ ಇರಲಿ."

ಗಂಡ ಸತ್ತ ದಿನವೂ ಅಳದ ದುರುಗಕ್ಕ ಸೆರಗನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಅಪ್ಪ ರೊಟ್ಟಿ ಮುಟ್ಟದೆ, ಅವಳ ಅಳು ಮುಗಿಯುವವರೆಗೆ ಹಾಗೇ ಕೂತಿದ್ದ.