ಸವೆದ ಮೆಟ್ಟಿಲು, ಸವೆಯದ ಮೆಟ್ಟಿಲು

ಬೆಳಗಿನ ಆರೂಕಾಲು. ಪೂರ್ವದ ಕಿಟಕಿಯಿಂದ ಬಿಸಿಲು ಇನ್ನೂ ನೆಲಕ್ಕೆ ಇಳಿದಿಲ್ಲ. ಮೇಜಿನ ಮಟ್ಟಕ್ಕೆ ಅಡ್ಡಡ್ಡಲಾಗಿ ಬರುತ್ತಿದೆ. ಮೇಜಿನ ಮೇಲೆ ತಂತಿ ಬಿಚ್ಚಿದ ಗಿಟಾರೊಂದು ಅಂಗಾತ ಮಲಗಿದೆ. ಅರವತ್ತನಾಲ್ಕರ ಹೆಂಗಸೊಬ್ಬಳು ಅದರ ಕತ್ತಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತು ಕೆಮ್ಮಿದರೂ ತಿರುಗುವುದಿಲ್ಲ. "ನಿಂತ್ಕೊಳ್ಳಿ. ಈ ಬೆಳಕು ನಲವತ್ತು ನಿಮಿಷ ಇರತ್ತೆ. ನೀವು ಇಡೀ ದಿನ ಇರ್ತೀರಿ" ಎನ್ನುತ್ತಾರೆ. ನಾನು ನಿಂತುಕೊಳ್ಳುತ್ತೇನೆ.

ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಸಣ್ಣ ಲೋಹದ ಪಟ್ಟಿಗಳಿರುತ್ತವೆ. ಅಂಗಡಿಯವರು ಫ್ರೆಟ್ ಎನ್ನುತ್ತಾರೆ, ಇವರು ಮೆಟ್ಟಿಲು ಎನ್ನುತ್ತಾರೆ. ತಂತಿಯನ್ನು ಬೆರಳು ಒತ್ತಿದಾಗೆಲ್ಲ ಅದು ಈ ಪಟ್ಟಿಯನ್ನು ಉಜ್ಜುತ್ತದೆ. ವರ್ಷಗಟ್ಟಲೆ ಉಜ್ಜಿದರೆ ಪಟ್ಟಿಯಲ್ಲಿ ಕೂದಲಿನಷ್ಟು ಗುಳಿ ಬೀಳುತ್ತದೆ, ಸ್ವರ ಕೆಡುತ್ತದೆ. ಆ ಗುಳಿಯ ನೆರಳು ಚೆನ್ನಾಗಿ ಕಾಣುವುದು ಮುಂಜಾನೆಯ ಈ ಅಡ್ಡ ಬಿಸಿಲಿನಲ್ಲಿ ಮಾತ್ರವಂತೆ. ಹಾಗಾಗಿ ಇವರ ಕೆಲಸ ಶುರುವಾಗುವುದು ಊರು ಏಳುವ ಮೊದಲು.

ವಾದ್ಯಗಾರರೆಲ್ಲ ಇವರನ್ನು ಮೆಟ್ಟಿಲಮ್ಮ ಎಂದೇ ಕರೆಯುವುದು. ಹೆಸರು ಕೇಳಿದರೆ "ಅದನ್ನ ಕರೆಯೋರು ಯಾರೂ ಉಳಿದಿಲ್ಲ, ಬಿಡಿ" ಎಂದು ತಳ್ಳಿಹಾಕುತ್ತಾರೆ. ಮದುವೆ? "ಆಗಿತ್ತು. ಮುಗೀತು." ಒಂದು ಗಿಟಾರಿಗೆ ಇಪ್ಪತ್ತೆರಡು ಮೆಟ್ಟಿಲು. ವಾರಕ್ಕೆ ನಾಲ್ಕು ಗಿಟಾರುಗಳ ಹಳೆಯ ಮೆಟ್ಟಿಲು ಕಿತ್ತು ಹೊಸದು ಬಡಿಯುತ್ತಾರೆ. ಬಡಿದಾದ ಮೇಲೆ ಅರ, ಅದರ ಮೇಲೆ ಉಪ್ಪುಕಾಗದ, ಕೊನೆಗೆ ಹಳೆಯ ಹತ್ತಿಬಟ್ಟೆ. ಬಲಗೈ ಹೆಬ್ಬೆರಳಿನ ಉಗುರು ಅರೆದೂ ಅರೆದೂ ಅರ್ಧಕ್ಕೆ ನಿಂತಿದೆ. ನಲವತ್ತಾರು ವರ್ಷ ಲೋಹದ ಪುಡಿ ಕುಡಿದ ಅಂಗೈ ಎಷ್ಟು ತೊಳೆದರೂ ಬೂದು ಬಣ್ಣ ಬಿಡುವುದಿಲ್ಲ. ತಂತಿ ಕಟ್ಟಿದ ಮೇಲೆ ಆರು ತಂತಿಯನ್ನೂ ಇಪ್ಪತ್ತೆರಡು ಮೆಟ್ಟಿಲಿನ ಮೇಲೂ ಒತ್ತಿ ನೋಡಬೇಕು: ನೂರಮೂವತ್ತೆರಡು ಸ್ವರ, ಒಂದನ್ನೂ ಬಿಡುವಂತಿಲ್ಲ. "ನಂಗೆ ಒಂದು ಹಾಡೂ ಬರಲ್ಲ. ಸ್ವರ ಮಾತ್ರ ಎಲ್ಲಾ ಬರತ್ತೆ" ಎಂದು ನಗುತ್ತಾರೆ.

ನಾನು ಇಲ್ಲಿಗೆ ಬಂದದ್ದು ಬೇರೆಯೇ ಕೆಲಸಕ್ಕೆ. ದಂತಕಥೆಗಳಾದ ರಾಕ್ ಗಿಟಾರ್ ವಾದಕರು ನಿಜಕ್ಕೂ ಆ ಹೆಸರಿಗೆ ಯೋಗ್ಯರೇ ಎಂಬ ಚರ್ಚೆಯನ್ನು ನಮ್ಮ ಪುರವಣಿಯಲ್ಲಿ ನಡೆಸಬೇಕಿತ್ತು. ಆರು ಜನ ತಜ್ಞರನ್ನು ಮಾತಾಡಿಸಿದ್ದೆ. ಅಯ್ಯಯ್ಯೋ, ಅವರ ಮಾತೋ! ಒಬ್ಬನಿಗೆ ಆಕಾಶ, ಇನ್ನೊಬ್ಬನಿಗೆ ಪಾತಾಳ. ಗಿಟಾರು ಮುಟ್ಟಿದವರು ಮಾತ್ರ ಒಬ್ಬರೂ ಇಲ್ಲ. ಕೊನೆಗೆ ತಂತಿ ಮಾರುವ ಅಂಗಡಿಯವನೊಬ್ಬ, "ಸ್ವಾಮಿ, ಯಾರು ನುಡಿಸಿದ್ದಾರೆ, ಯಾರು ನುಡಿಸಿದ ಹಾಗೆ ಮಾಡಿದ್ದಾರೆ ಅಂತ ಗೊತ್ತಿರೋದು ಒಬ್ಬರಿಗೇ" ಎಂದು ಈ ಗಲ್ಲಿಯ ದಾರಿ ಹೇಳಿದ.

"ಮೈಮೇಲಿನ ಗೀರು ನಂಬ್ಬೇಡಿ" ಎನ್ನುತ್ತಾರೆ ಮೆಟ್ಟಿಲಮ್ಮ. "ಅದು ಸೊಂಟದ ಬೆಲ್ಟು ಮಾಡೋ ಕೆಲಸ. ಕನ್ನಡಿ ಮುಂದೆ ನಿಂತ್ರೂ ಬೀಳತ್ತೆ. ಮೆಟ್ಟಿಲು ನೋಡ್ಬೇಕು. ದೊಡ್ಡ ಹೆಸರಿನವರದ್ದು ಏಳು ಗಿಟಾರು ಈ ಮೇಜಿನ ಮೇಲೆ ಬಂದಿವೆ. ಎರಡು ಬರೀ ಬಣ್ಣ."

ಯಾರ ಎರಡು ಎಂದು ನಾನು ಆಸೆಬುರುಕನ ಹಾಗೆ ಕೇಳುತ್ತೇನೆ. "ಡಾಕ್ಟ್ರು ಹೇಳ್ತಾರಾ ಯಾರಿಗೆ ಯಾವ ಕಾಯಿಲೆ ಅಂತ?" ಎಂದು ಬಾಯಿ ಮುಚ್ಚಿಸುತ್ತಾರೆ. ಸ್ವಲ್ಪ ಹೊತ್ತು ಅರ ಓಡುತ್ತದೆ. ಆಮೇಲೆ ಅವರೇ ಹೇಳುತ್ತಾರೆ: "ಸವೆದಿದ್ದೆಲ್ಲ ಸಂಗೀತ ಅಲ್ಲ, ಅಷ್ಟು ನಂಗೂ ಗೊತ್ತು. ಆದ್ರೆ ಸವೀದೇ ಯಾರೂ ಎಲ್ಲಿಗೂ ಹೋಗಿಲ್ಲ. ಇದು ತಿಳಿದು ನಂಗೇನೂ ಒಳ್ಳೇದಾಗಿಲ್ಲ."

ಒಳಕೋಣೆಯಿಂದ ಕೆಮ್ಮು ಕೇಳುತ್ತದೆ. ಮೆಟ್ಟಿಲಮ್ಮ ಅರ ನಿಲ್ಲಿಸಿ, ಕೆಮ್ಮು ನಿಲ್ಲುವವರೆಗೆ ಕಾದು, ಮತ್ತೆ ಶುರು ಮಾಡುತ್ತಾರೆ. ಅದು ಅವರ ಅಣ್ಣ. ಅರವತ್ತೊಂಬತ್ತು ವಯಸ್ಸು, ಶ್ವಾಸಕೋಶ ಕೈಕೊಟ್ಟಿದೆ, ಮದುವೆಯಾಗಿಲ್ಲ. ಪಾರ್ಸಲ್ ಕಚೇರಿಯಲ್ಲಿ ಮೂವತ್ತೈದು ವರ್ಷ ಗಂಟು ಮೂಟೆ ವಿಂಗಡಿಸಿ ನಿವೃತ್ತರಾದವರು. ಈ ಮನೆಯಲ್ಲಿ ಗಿಟಾರು ಕಾಲಿಟ್ಟದ್ದೇ ಅವರಿಂದ.

ಅಪ್ಪ ಕುರ್ಚಿ ಮೇಜು ಮಾಡುವ ಬಡಗಿ. ಅಣ್ಣನಿಗೆ ಹದಿನೈದಾದಾಗ ಒಂದು ಗಿಟಾರು ತಂದುಕೊಟ್ಟರು. ತಂಗಿಗೆ ಏನೂ ತರಲಿಲ್ಲ. ಅದರ ಬಗ್ಗೆ ಕೇಳಿದರೆ "ನಂಗೆ ಅಪ್ಪನ ಅರ ಸಿಕ್ತಲ್ಲ" ಎನ್ನುತ್ತಾರೆ. ಅಣ್ಣನ ತಂತಿ ಗೊರಗೊರ ಎಂದಾಗ ಆ ಅರದಿಂದ ಸರಿಮಾಡಿದ್ದೇ ಮೊದಲ ಕೆಲಸ. ಅಣ್ಣ ಇಪ್ಪತ್ತೊಂದಕ್ಕೆ ನಾಲ್ಕು ಜನರ ತಂಡವೊಂದನ್ನು ಸೇರಿದ. ಆ ತಂಡದ ಇನ್ನೊಬ್ಬ ಗಿಟಾರಿನವನು ಮುಂದೆ ಜಗತ್ತಿಗೆಲ್ಲ ಸಿಡಿಲು ಎಂದು ಹೆಸರಾದ. ನನ್ನ ಕಾಲೇಜಿನ ಕೋಣೆಯ ಗೋಡೆಯ ಮೇಲೆ ಆತನ ಚಿತ್ರವಿತ್ತು, ನಿಮ್ಮಲ್ಲಿ ಎಷ್ಟೋ ಜನರ ಗೋಡೆಯ ಮೇಲೂ ಇದ್ದಿರಬೇಕು. ಎರಡು ವರ್ಷ ಅವರಿಬ್ಬರೂ ಲಾಂಡ್ರಿಯೊಂದರ ಮೇಲಿನ ಒಂದೇ ಕೋಣೆಯಲ್ಲಿದ್ದರು. ಒಂದು ದಿನ ಧ್ವನಿಮುದ್ರಣ ಕಂಪನಿಯವನೊಬ್ಬ ಕೇಳಲು ಬಂದ, ಒಬ್ಬನನ್ನು ಕರೆದುಕೊಂಡು ಹೋದ.

"ಆ ದಿನ ಅಣ್ಣಂಗೆ ಜ್ವರ ಇತ್ತಂತೆ" ಎನ್ನುತ್ತಾರೆ ಮೆಟ್ಟಿಲಮ್ಮ. "ಮೊದಮೊದಲು ಸಣ್ಣ ಜ್ವರ. ವರ್ಷ ಕಳೀತಾ ಜ್ವರ ಏರ್ತಾ ಹೋಯ್ತು. ಕೊನೆಗೆ ಎದ್ದು ನಿಲ್ಲಕ್ಕೇ ಆಗ್ತಿರ್ಲಿಲ್ಲ ಅನ್ನೋವರೆಗೂ ಬಂತು." ನಗಲು ಹೋಗಿ ಮತ್ತೆ ಅರ ಎತ್ತಿಕೊಳ್ಳುತ್ತಾರೆ. "'ಅವನಿಗೂ ನನಗೂ ಕೂದಲೆಳೆ ಅಂತರ, ಅದೃಷ್ಟ ಅವನ ಕಡೆ ತಿರುಗ್ತು' ಅನ್ನೋನು ಅಣ್ಣ. ಇದನ್ನ ನಲವತ್ತೈದು ವರ್ಷ ದಿನಾ ಕೇಳಿದೀನಿ. ಕಿವಿ ತೂತು ಬಿದ್ದಿತ್ತು. ಆದ್ರೆ ನಂಬಿದ್ದೆ. ಅಣ್ಣ ಅಲ್ವಾ?"

ಹೋದ ವರ್ಷ ಸಿಡಿಲು ತೀರಿಕೊಂಡ. ಏಳು ತಿಂಗಳ ಹಿಂದೆ ಆತನ ಮಗಳು ಅಪ್ಪನ ಗಿಟಾರನ್ನು ಎದೆಗವಚಿಕೊಂಡು ಈ ಬಾಗಿಲಿಗೆ ಬಂದಳು. ಅದನ್ನು ಸಂಗ್ರಹಾಲಯದಲ್ಲಿ ಇಡುತ್ತಾರಂತೆ, ಮೊದಲು ಸ್ವರ ಸರಿಯಾಗಬೇಕು. ಜೊತೆಗೆ ವಾದ್ಯದ ಸ್ಥಿತಿ ಹೇಗಿದೆ ಎಂದು ನಾಲ್ಕು ಸಾಲು ಬರೆದುಕೊಡಬೇಕು, ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ತೂಗುಹಾಕಲು. ಯಾರ ತಂಗಿಯ ಬಳಿಗೆ ಬಂದಿದ್ದೇನೆಂದು ಪಾಪ ಆ ಹುಡುಗಿಗೆ ಗೊತ್ತಿರಲಿಲ್ಲ. ಇವರೂ ಹೇಳಲಿಲ್ಲ.

ಅಣ್ಣ ಆವತ್ತು ಕುರ್ಚಿ ಬಿಟ್ಟು ಎದ್ದು ಬಂದರಂತೆ. ವರ್ಷದಿಂದ ಕೋಣೆ ಬಿಟ್ಟು ಬಾರದವರು. ಗಿಟಾರನ್ನು ಮುಟ್ಟಲಿಲ್ಲ, ದೂರ ನಿಂತು ನೋಡಿದರು. "ನೋಡ್ತಿರು, ಮೇಲಿನ ಮೆಟ್ಟಿಲು ಮಾತ್ರ ಸವೆದಿರತ್ತೆ. ಜನರ ಮುಂದೆ ಕುಣೀತಾ ನುಡಿಸೋ ಜಾಗ. ಉಳಿದಿದ್ದೆಲ್ಲ ಹೊಸದರ ಹಾಗೇ ಇರತ್ತೆ. ನೀನೇ ಹೇಳ್ತೀಯ" ಎಂದರು. ತಂಗಿಯ ಮಾತನ್ನು ಊರಿನ ವಾದ್ಯಗಾರರೆಲ್ಲ ನಂಬುತ್ತಾರೆಂದು ಅವರಿಗೆ ಗೊತ್ತು. ಅವರ ಇಡೀ ಬದುಕಿನ ತೀರ್ಪು ತಂಗಿಯ ಕಣ್ಣಿಗೆ ಬಂದು ನಿಂತಿತ್ತು.

ಮರುದಿನ ಬೆಳಿಗ್ಗೆ ಮೆಟ್ಟಿಲಮ್ಮ ಬಗ್ಗಿ ನೋಡಿದರು. ಮೇಲಿನ ಮೆಟ್ಟಿಲುಗಳು ಅಷ್ಟೇನೂ ಸವೆದಿರಲಿಲ್ಲ. ಸವೆದದ್ದು ನಡುವಿನವು, ಐದರಿಂದ ಒಂಬತ್ತರವರೆಗೆ, ಆರೂ ತಂತಿಯ ಅಡಿಯಲ್ಲಿ, ಒಂದೇ ಸಮ. ಯಾವ ಹಾಡೂ ಆರು ತಂತಿಯ ಅಡಿಯನ್ನೂ ಒಂದೇ ಸಮ ಸವೆಸುವುದಿಲ್ಲ. ಹಾಗೆ ಸವೆಸುವುದು ಪಾಠ ಮಾತ್ರ. ಮಕ್ಕಳಿಗೆ ಮೊದಲ ತಿಂಗಳು ಕಲಿಸುವ, ಒಂದೊಂದೇ ಬೆರಳಿಟ್ಟು ಹತ್ತಿ ಇಳಿಯುವ ಪಾಠ. ಪಟ್ಟಿ ಕಿತ್ತರೆ ಕೆಳಗಿನ ಮರದ ಸೀಳಿನಲ್ಲಿ ಹಳೆಯ ಅಂಟಿನ ಮೂರು ಪದರ ಕಂಡಿತು. ಅಂದರೆ ಈ ಮೊದಲೇ ಮೂರು ಸಲ ಸವೆಸಿ ಬದಲಾಯಿಸಿದ್ದಾನೆ. ಕಿರುಬೆರಳು ಕೂರುವ ಜಾಗದಲ್ಲೂ ಗುಳಿ ಇತ್ತು. "ಕಿರುಬೆರಳಿಗೆ ಅಷ್ಟು ಕೆಲಸ ಕೊಟ್ಟವರನ್ನ ನಾನು ಇನ್ನೊಬ್ಬರನ್ನ ನೋಡಿಲ್ಲ" ಎನ್ನುತ್ತಾರೆ.

ಮಗಳಿಗೆ ಫೋನು ಮಾಡಿ ಕೇಳಿದರು. "ಅಪ್ಪ ದಿನಾ ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಆ ಪಾಠಾನೇ ನುಡಿಸ್ತಿದ್ರು. ಸ್ಪೀಕರಿಗೆ ಜೋಡಿಸ್ತಾನೇ ಇರ್ಲಿಲ್ಲ. ಸಾಯೋ ವಾರದವರೆಗೂ. ನಮಗೆಲ್ಲ ಬೇಜಾರು ಬಂದುಹೋಗಿತ್ತು" ಎಂದಳು ಅವಳು.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅಣ್ಣ ಮಲಗಿದ್ದಾಗ ಅವರ ಗಿಟಾರನ್ನು ಗೋಡೆಯಿಂದ ಇಳಿಸಿ ಅದೇ ಬಿಸಿಲಿಗೆ ಹಿಡಿದರು. ಇಪ್ಪತ್ತಾರು ವರ್ಷದ ಹಿಂದೆ ತಾವೇ ಕೂರಿಸಿದ ಮೆಟ್ಟಿಲು. ಎರಡನೆಯದರಲ್ಲೂ ಮೂರನೆಯದರಲ್ಲೂ ಸಣ್ಣ ಗೀರು, ಮನೆಗೆ ಬಂದವರ ಮುಂದೆ ನುಡಿಸುತ್ತಿದ್ದ ಎರಡು ಮೂರು ಹಾಡುಗಳದ್ದು. ಉಳಿದ ಇಪ್ಪತ್ತು ಪಟ್ಟಿಗಳ ಮೇಲೆ ಇವರ ಹತ್ತಿಬಟ್ಟೆಯ ಹೊಳಪು ಹಾಗೇ ಇತ್ತು. ಹಳೆಯವನ್ನು ಯಾಕೆ ಬದಲಾಯಿಸಿದ್ದೆ ಎಂದು ಆಗ ನೆನಪಾಯಿತು. ಸವೆದು ಅಲ್ಲ, ಮುಟ್ಟದೆ ಹಸಿರು ಕಿಲುಬು ಹಿಡಿದಿತ್ತು.

"ವರ್ಷಾ ವರ್ಷ ಒರೆಸಿದೀನಿ ನಾನೇ. ಕಣ್ಣಿಗೆ ಕಂಡಿತ್ತು, ಮನಸ್ಸಿಗೆ ಕಾಣಿಸ್ಲಿಲ್ಲ. ಬೇರೆಯವರದ್ದಾಗಿದ್ರೆ ಕುಣೀಲಾರದವಳು ನೆಲ ಡೊಂಕು ಅಂದ್ಳು ಅಂತ ಆವತ್ತೇ ಹೇಳ್ತಿದ್ದೆ."

ಎಂಟು ದಿನ ತಪ್ಪಿಸಿಕೊಂಡರು. ದಿನಾ ಸಂಜೆ ಅಣ್ಣ ಕೇಳುವುದು, ಇವರು ಅಂಟು ಒಣಗಿಲ್ಲ, ಮೋಡ ಇತ್ತು, ಬಿಸಿಲು ಸರಿ ಬೀಳಲಿಲ್ಲ ಎನ್ನುವುದು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಹಾಗಾಗಿತ್ತು ಅವರ ಪಾಡು. ಸುಳ್ಳು ಹೇಳಬಹುದಿತ್ತಲ್ಲ ಎಂದು ನಾನು ಕೇಳುತ್ತೇನೆ. ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತಿತ್ತು? ಮೆಟ್ಟಿಲಮ್ಮ ನನ್ನನ್ನು ದಿಟ್ಟಿಸುತ್ತಾರೆ. "ಹೇಳೋಣ ಅಂತಾನೇ ಹೋದೆ ರೀ. ದೇವರಾಣೆಗೂ. ಮನಸ್ಸಲ್ಲೇ ಹತ್ತು ಸಲ ಹೇಳ್ಕೊಂಡು ಹೋದೆ. ಆದ್ರೆ ಅವನು ಬೇರೆ ಪ್ರಶ್ನೆ ಕೇಳ್ಬಿಟ್ಟ."

ಒಂಬತ್ತನೆಯ ದಿನ ಅಣ್ಣ ಸಿಡಿಲಿನ ಗಿಟಾರಿನ ಸುದ್ದಿ ಎತ್ತಲಿಲ್ಲ. ಗೋಡೆಯ ಕಡೆ ನೋಡುತ್ತಾ, "ನಂದು ಹೇಗಿದೆ?" ಎಂದರು.

ಈ ಒಂದು ಪ್ರಶ್ನೆಗೆ ಇವರು ಉತ್ತರ ಹೊಂದಿಸಿಕೊಂಡಿರಲಿಲ್ಲ. ನಲವತ್ತಾರು ವರ್ಷ ಗಿರಾಕಿಗಳಿಗೆ ಹೇಳಿ ರೂಢಿಯಾದ ನಾಲಿಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿತು: "ಹೊಸದರ ಹಾಗೇ ಇದೆ ಅಣ್ಣ."

ಅಣ್ಣ ಹೊದಿಕೆಯನ್ನು ಮೊಣಕಾಲ ಮೇಲೆ ಎಳೆದುಕೊಂಡರು. ಆಮೇಲೆ, "ಹಂಗಾದ್ರೆ ಮಾರ್ಬಿಡು. ಹೊಸದು ಅಂದ್ರೆ ಯಾರಾದ್ರೂ ಮಕ್ಕಳಿಗೆ ತಗೋತಾರೆ" ಎಂದರು. ಕಿಟಕಿಯ ಕಡೆ ತಿರುಗಿ, "ರಾತ್ರಿ ಎಚ್ಚರ ಆದಾಗೆಲ್ಲ ಅವನು ಮಂಚದ ಮೇಲೆ ಕೂತು ಕಟಕಟ ಅಂತ ಅದನ್ನೇ ಒತ್ತುತಾ ಇರ್ತಿದ್ದ. ನಾನು ದಿಂಬು ಕಿವಿ ಮೇಲೆ ಹಾಕ್ಕೊಂಡು ಮಲಗ್ತಿದ್ದೆ" ಎಂದರು. ತಂಗಿ ಆ ಲಾಂಡ್ರಿ ಮೇಲಿನ ಕೋಣೆಯ ಕಥೆಯನ್ನು ಸಾವಿರ ಸಲ ಕೇಳಿದ್ದರು. ಈ ಮಾತನ್ನು ಕೇಳಿದ್ದು ಅದೇ ಮೊದಲು.

ಸಂಗ್ರಹಾಲಯಕ್ಕೆ ಕೊಟ್ಟ ಬರಹದ ಕರಡನ್ನು ಇವರು ಡ್ರಾಯರಿನಿಂದ ತೆಗೆದು ತೋರಿಸುತ್ತಾರೆ. ನಾಲ್ಕು ಸಾಲೂ ಇಲ್ಲ. 'ಇದನ್ನು ಇಟ್ಟುಕೊಂಡಿದ್ದವರು ದಿನವೂ ನುಡಿಸಿದ್ದಾರೆ. ಯಾರೂ ಕೇಳದಿದ್ದಾಗ ಹೆಚ್ಚು ನುಡಿಸಿದ್ದಾರೆ. ಮೆಟ್ಟಿಲು ನೋಡಿ ಹೇಳುತ್ತಿದ್ದೇನೆ.' ನನ್ನ ಆರು ಜನ ತಜ್ಞರ ಮಾತನ್ನು ನಾನು ಅಲ್ಲೇ ಕಸದ ಬುಟ್ಟಿಗೆ ಹಾಕಿದೆ ಎಂದುಕೊಳ್ಳಿ.

ಇದನ್ನೆಲ್ಲ ಬರೆಯಲೇ ಎಂದು ಕೇಳಿದ್ದಕ್ಕೆ "ಬರೀರಿ. ಸಿಡಿಲಿನ ಫೋಟೋ ಬರತ್ತೆ ಅಂತ ಅಣ್ಣ ಪೇಪರ್ ಓದೋದು ಬಿಟ್ಟು ಮೂವತ್ತು ವರ್ಷ ಆಯ್ತು" ಎನ್ನುತ್ತಾರೆ.

ಹೊರಡುವ ಮೊದಲು ಒಳಕೋಣೆಗೆ ಹೋಗಿ ಅಣ್ಣನನ್ನು ಮಾತಾಡಿಸುತ್ತೇನೆ. ಕಿಟಕಿಯ ಪಕ್ಕದ ಕುರ್ಚಿ, ಮೊಣಕಾಲ ಮೇಲೆ ಹೊದಿಕೆ, ಔಷಧಿಯ ಬಾಟಲಿ, ಗೋಡೆಯ ಮೇಲೆ ಇನ್ನೂ ಮಾರದ ಗಿಟಾರು. ಸೌಜನ್ಯದ ಮನುಷ್ಯ, ಕೂರಲು ಜಾಗ ಮಾಡಿಕೊಡುತ್ತಾರೆ. ಮಾತಿಗೆ ಮಾತು ಬಂದು ನನ್ನ ಹಾಳು ನಾಲಿಗೆ ತಡೆಯದೆ, "ನೀವೂ ಸಿಡಿಲೂ ಒಂದೇ ತಂಡದಲ್ಲಿ ಇದ್ರಂತೆ?" ಎಂದು ಕೇಳಿಬಿಡುತ್ತದೆ. ಬಾಗಿಲ ಬಳಿ ಮೆಟ್ಟಿಲಮ್ಮ ನಿಂತಲ್ಲೇ ನಿಲ್ಲುತ್ತಾರೆ.

ಅಣ್ಣ ಕಿಟಕಿಯಾಚೆ ನೋಡುತ್ತಾರೆ. "ಹೌದು. ಚೆನ್ನಾಗಿ ನುಡಿಸ್ತಿದ್ದ" ಎನ್ನುತ್ತಾರೆ. ಅಷ್ಟೇ. ಜ್ವರದ ಮಾತಿಲ್ಲ, ಅದೃಷ್ಟದ ಮಾತಿಲ್ಲ.

ಮೆಟ್ಟಿಲಮ್ಮ ನನ್ನನ್ನು ಬೀದಿಬಾಗಿಲವರೆಗೆ ಬಿಡಲು ಬರುತ್ತಾರೆ. ಅವರ ಕಣ್ಣು ತುಂಬಿದೆ, ಒರೆಸಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. "ಏಳು ತಿಂಗಳಿಂದ ಹೀಗೇ" ಎನ್ನುತ್ತಾರೆ. "ಬೈಯ್ಯೋ ಅಂದ್ರೂ ಬೈಯ್ಯಲ್ಲ. ಊಟ ಹಾಕಿದ್ರೆ ಥ್ಯಾಂಕ್ಸ್ ಅಂತಾನೆ, ನಮ್ಮಣ್ಣ!"

ಎಲ್ಲರನ್ನೂ ಕೇಳುವ ಕೊನೆಯ ಪ್ರಶ್ನೆಯನ್ನು ಇವರಿಗೂ ಕೇಳುತ್ತೇನೆ: ಇನ್ನೇನು ಆಸೆ ಇದೆ? ಹೊಸ ಅರವನ್ನೋ, ಕೈಯ ನೋವಿಗೆ ವಿಶ್ರಾಂತಿಯನ್ನೋ ಹೇಳುತ್ತಾರೆ ಎಂದುಕೊಂಡಿದ್ದೆ.

"ಒಂದೇ ಒಂದು ಸಲ ಅವನಿಗೆ ಮತ್ತೆ ಆ ಜ್ವರ ಬರ್ಬೇಕು" ಎನ್ನುತ್ತಾರೆ ಮೆಟ್ಟಿಲಮ್ಮ. "ಕೂದಲೆಳೆ ಅಂತರ ಅಂತ ಹೇಳ್ಬೇಕು. ನಾನು ಹೂಂ ಅನ್ಬೇಕು."