ಸುಬಾಂಗ್ ಜಯಾದಲ್ಲಿ ಹಿಮಕುಸಿತದ ಪಾಠ

ಹಿಮಕುಸಿತದಿಂದ ಬದುಕುಳಿಯುವ ವಿದ್ಯೆಯನ್ನು ನಾನು ಕಲಿತದ್ದು ವರ್ಷವಿಡೀ ಸೆಕೆಯಿರುವ ಸುಬಾಂಗ್ ಜಯಾದ ನಮ್ಮ ಊಟದ ಮೇಜಿನ ಮುಂದೆ, ಮೇಲೆ ಶರ್ಟು, ಕೆಳಗೆ ಲುಂಗಿ, ತಲೆಯ ಮೇಲೆ ಜೋರಾಗಿ ತಿರುಗುವ ಫ್ಯಾನು. ಅದೂ ಐವತ್ತೈದು ದಾಟಿದ ಮೇಲೆ. ಕಲಿಯುವ ಆಸೆಯೇನೂ ನನಗಿರಲಿಲ್ಲ. ವಾರವಿಡೀ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ, ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಬೆಂದು ಮನೆ ಸೇರುವವನಿಗೆ ಶನಿವಾರ ಬೇಕಾಗಿದ್ದು ಒಂದು ಲೋಟ ಕಾಫಿ, ಮತ್ತು ಯಾರೂ ಮಾತಾಡಿಸದಿರುವುದು.

ಇದಕ್ಕೆಲ್ಲ ಮಗಳೇ ಕಾರಣ. ಅವಳು ಚಿಕ್ಕವಳಿದ್ದಾಗ ನಾನು ಕೆಲವು ವರ್ಷ ಚಳಿ ದೇಶವೊಂದರಲ್ಲಿ ಕೆಲಸದಲ್ಲಿದ್ದೆ. ಅಪ್ಪ ಮಗಳು ಒಟ್ಟಿಗೇ ಸ್ಕೀ ಕಲಿತಿದ್ದೆವು. ನನ್ನ ಮೊಣಕಾಲು ಅದನ್ನು ಮರೆತಿತ್ತು, ಅವಳು ಮರೆತಿರಲಿಲ್ಲ. ಈಗ ಇಲ್ಲೇ ಕಾಲೇಜು ಓದುವವಳು, ರಜೆಗೆ ಇಬ್ಬರು ಗೆಳತಿಯರ ಜೊತೆ ಜಪಾನಿಗೆ ಹೋಗುತ್ತೇನೆ ಅಂದಳು. ವಸಂತದ ಹಿಮದಲ್ಲಿ, ಲಿಫ್ಟೂ ಇಲ್ಲದ, ಕಾಯುವವರೂ ಇಲ್ಲದ ಬೆಟ್ಟಗಳನ್ನು ತಾವೇ ಹತ್ತಿ ಇಳಿಯುವುದಂತೆ.

"ನಾನು ಬಂದ್ರೆ ಮಾತ್ರ," ಅಂದೆ. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡಿದ್ದೆ.

"ಓಕೆ ಅಪ್ಪ, ದೆನ್ ಯು ಟೇಕ್ ದ ಕೋರ್ಸ್ ವಿತ್ ಮಿ ಲಾ," ಅಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳದು ಇಂಗ್ಲಿಷಿನಲ್ಲೇ ಉತ್ತರ, ಕೊನೆಗೆ ಇಲ್ಲಿಯವರ ಹಾಗೆ ಒಂದು 'ಲಾ' ಸೇರಿಸಿ.

ಹೀಗೆ ಹಿಮಕುಸಿತದ ಆನ್‌ಲೈನ್ ಕ್ಲಾಸು ಶುರುವಾಯಿತು. ಹಿಮದ ಮೇಲಿನ ಪಾಠ ಅಲ್ಲಿಗೆ ಹೋದ ಮೇಲೆ. ಕಲಿಸುವಾಕೆ ಎಲ್ಲೋ ದೂರದಲ್ಲಿ ಉಣ್ಣೆ ಟೋಪಿ ಹಾಕಿಕೊಂಡು ಕೂತಿರುತ್ತಿದ್ದಳು. ಹೂತುಹೋದವರನ್ನು ಹುಡುಕಲು ಹೊರಗಿನಿಂದ ಯಾರೂ ಹೊತ್ತಿಗೆ ಬರುವುದಿಲ್ಲ, ಜೊತೆಯಲ್ಲಿದ್ದವರೇ ಕೆಲವೇ ನಿಮಿಷಗಳಲ್ಲಿ ಅಗೆದು ತೆಗೆಯಬೇಕು ಎಂದು ಮೊದಲ ದಿನವೇ ಹೇಳಿದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಅಲ್ಲಿಯತನಕ ನನಗೆ ಇದು ಮಗಳ ಹಟ, ಅಷ್ಟೇ ಆಗಿತ್ತು.

ಅದಕ್ಕೆ ಸಂಕೇತ ಕಳಿಸುವ ಒಂದು ಪುಟ್ಟ ಯಂತ್ರವಿದೆ. ಎಲ್ಲರೂ ಎದೆಗೆ ಕಟ್ಟಿಕೊಂಡಿರಬೇಕು. ಒಬ್ಬರು ಹೂತರೆ ಉಳಿದವರು ತಮ್ಮದನ್ನು ಹುಡುಕುವ ಸ್ಥಿತಿಗೆ ಬದಲಿಸಿ ಅದರ ಬಾಣದ ಗುರುತನ್ನು ಹಿಂಬಾಲಿಸಬೇಕು. ಮಗಳು ಒಂದನ್ನು ಕಾಲುಚೀಲದಲ್ಲಿ ತುರುಕಿ ಮನೆ ಹತ್ತಿರದ ಮೈದಾನದ ಹುಲ್ಲಿನಲ್ಲಿ ಬಚ್ಚಿಡುತ್ತಿದ್ದಳು. ನಾನು ಬೆವರು ಸುರಿಸುತ್ತ, ನೆಲಕ್ಕೆ ಬಗ್ಗಿ, ಯಂತ್ರ ಹಿಡಿದು ಅಲೆಯಬೇಕು. ಪಕ್ಕದ ಮನೆಯ ತಮಿಳು ಹೆಂಗಸು, "ಎನ್ನ ಸಾರ್, ಸಾವಿಯ ಕಾಣೋಮಾ?" ಎಂದು ಕೇಳಿ, ಬೀಗದ ಕೈ ಕಳೆದುಹೋಗಿದೆ ಅಂದುಕೊಂಡು ತಾವೂ ಬಗ್ಗಿ ಹುಡುಕತೊಡಗಿದರು. ಮಗಳನ್ನು ಹುಡುಕುತ್ತಿದ್ದೇನೆ ಎಂದು ಹೇಳುವುದು ಹೇಗೆ? ಹೌದು ಅಂದುಬಿಟ್ಟೆ.

ಕೊನೆಯ ಶನಿವಾರ ಕ್ಲಾಸಿನವರೆಲ್ಲ ಸೇರಿ ಪರದೆಯ ಮೇಲೆ ಒಂದು ಕಲ್ಪಿತ ಬೆಟ್ಟದ ಅಭ್ಯಾಸ. ಹಿರಿಯನೆಂದು ನನ್ನನ್ನೇ ಮುಂದಾಳು ಮಾಡಿದರು. ನಿಯಮ ಸರಳ: ತಂಡದಲ್ಲಿ ಯಾರೇ ಒಬ್ಬರು ಬೇಡ ಅಂದರೂ ಎಲ್ಲರೂ ಹಿಂದಿರುಗಬೇಕು, ಕಾರಣ ಕೇಳುವಂತಿಲ್ಲ. ವಸಂತದಲ್ಲಿ ಬೇಗ ಹೊರಡಬೇಕು, ಬಿಸಿಲೇರಿದರೆ ಹಿಮ ಸಡಿಲವಾಗಿ ಜಾರುತ್ತದೆ ಎಂದು ನಾನು ಬಾಯಿಪಾಠ ಮಾಡಿದ್ದೆ. ಪರದೆಯ ಮೇಲಿನ ಗಡಿಯಾರ ನೋಡಿದೆ, ಆ ಬೆಟ್ಟದಲ್ಲಿ ಇನ್ನೂ ಬೆಳಗಿನ ಜಾವ. "ಹೊರಡೋಣ," ಅಂದೆ ಗತ್ತಿನಿಂದ. ಯಾರೂ ಬೇಡ ಅನ್ನಲಿಲ್ಲ. ಮುಂದಿನ ಚಿತ್ರದಲ್ಲಿ ಇಳಿಜಾರು ಪೂರ್ತಿ ಕುಸಿದಿತ್ತು. ನಾವೆಲ್ಲ ಅದರ ಕೆಳಗೆ.

ಹಿಂದಿನ ರಾತ್ರಿಯೆಲ್ಲ ಮೋಡ ಮುಚ್ಚಿತ್ತಂತೆ. ಮೋಡವಿದ್ದರೆ ಹಿಮ ರಾತ್ರಿ ಗಟ್ಟಿಯಾಗುವುದಿಲ್ಲ. ಆಗ ಎಷ್ಟು ಬೇಗ ಹೊರಟರೂ ದಂಡ.

"ಇದು ಯಾರಿಗಾದರೂ ಗೊತ್ತಿತ್ತಾ?" ಎಂದು ಟೋಪಿಯವಳು ಕೇಳಿದಳು. ನನ್ನ ಪಕ್ಕದಲ್ಲಿ ಮಗಳ ಕೈ ಮೆಲ್ಲಗೆ ಮೇಲೇರಿತು. ಮತ್ತೇಕೆ ಬೇಡ ಅನ್ನಲಿಲ್ಲ ಎಂದು ಆಕೆ ಕೇಳಿದ್ದಕ್ಕೆ ಮಗಳು, "ಹೀ ಈಸ್ ಮೈ ಫಾದರ್," ಅಂದಳು. ಇನ್ನೇನು ಹೇಳುವುದಿದೆ ಎಂಬಂತೆ.

ನಾವು ಅವಳನ್ನು ಬೆಳೆಸಿದ್ದೇ ಹಾಗೆ. ಮನೆಯೊಳಗೆ ನನ್ನನ್ನು ಎಷ್ಟು ಬೇಕಾದರೂ ಹಂಗಿಸುತ್ತಾಳೆ, ನಾಲ್ಕು ಜನರ ಎದುರು ಹಿರಿಯರ ಮಾತಿಗೆ ಎದುರಾಡುವುದಿಲ್ಲ. ಉಡುಪಿಯಿಂದ ಬಂದ ನೆಂಟರು, ಹೊರದೇಶದಲ್ಲಿ ಬೆಳೆದರೂ ಎಂಥ ಮಗು ಎಂದು ಹೊಗಳಿದಾಗ ನಾನು ಉಬ್ಬುತ್ತಿದ್ದೆ. ಆ ಮಗು ನನ್ನ ಹಿಂದೆ ಬಾಯಿ ಮುಚ್ಚಿಕೊಂಡು ಸಾವಿನೊಳಕ್ಕೂ ನಡೆಯುತ್ತದೆ ಎಂದು ಆಗ ಗೊತ್ತಾಯಿತು. ಭಯವಾಯಿತು, ಅಷ್ಟೇ. ಬೇರೆ ಹೆಸರು ಅದಕ್ಕಿಲ್ಲ.

"ಎಂತದು ಮಾರಾಯ್ತಿ, ಗೊತ್ತಿದ್ರೆ ಹೇಳೂದಲ್ವಾ?" ಎಂದು ರೇಗಿದೆ.

"ಇನ್ ಫ್ರಂಟ್ ಆಫ್ ಎವ್ರಿವನ್?" ಅಂದಳು.

ಆಮೇಲೆ ಅವಳಿಗೆ ಎಲ್ಲರೆದುರು ನನ್ನನ್ನು ತಿದ್ದುವ ಅಭ್ಯಾಸ ಮಾಡಿಸಲು ಹೊರಟೆ. ಮನೆಗೆ ಯಾರಾದರೂ ಬಂದಾಗ ಬೇಕೆಂದೇ ತಪ್ಪು ಹೇಳುತ್ತಿದ್ದೆ. ಇಲ್ಲಿಯ ಸರಕಾರಿ ಕಚೇರಿಗಳ ಊರು ಪುತ್ರಜಯಾಕ್ಕೆ ರೈಲಿನಲ್ಲಿ ಹೋಗುವುದೇ ಸುಲಭ ಅಂದೆ, ಅಲ್ಲಿ ಕಾರಿಲ್ಲದವನ ಪಾಡು ಗೊತ್ತಿದ್ದೂ. ಅವಳು ನೆಲ ನೋಡುತ್ತ ಕೂರುತ್ತಿದ್ದಳು. ಬಂದವರು ನನಗೆ ವಯಸ್ಸಾಯಿತು ಅಂದುಕೊಂಡು ಹೋದರು. ಬೇಡ ಅನ್ನುವುದನ್ನು ಕಲಿಸುವುದು ಅನ್ನದಿರುವುದನ್ನು ಕಲಿಸಿದಷ್ಟು ಸುಲಭವಲ್ಲ. ನನಗೆ ಸಾಕಾಗಿಹೋಗಿತ್ತು.

ಟಿಕೆಟ್ ಮಾಡುವ ಮುಂಚೆ ಗೆಳತಿಯರಿಬ್ಬರನ್ನೂ ಮನೆ ಹತ್ತಿರದ ಮಾಮಾಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದೆವು. ಪರೋಟದಂಥ ರೋಟಿ ಚನಾಯ್ ಬಂತು, ಚಹಾ ಬಂತು. ಮೂವರೂ ಹಿಮದ ನಕ್ಷೆ ಹರಡಿಕೊಂಡು ಮಾತಾಡುತ್ತಿದ್ದರು. ನಾನು ಕೆಮ್ಮಿ, "ಹಾಗಾದರೆ ನಾವು ನಾಲ್ಕು ಜನ," ಅಂದೆ.

"ಬೇಡ ಅಪ್ಪ," ಅಂದಳು ಮಗಳು.

ಗೆಳತಿಯರಿಗೆ ಕನ್ನಡ ಬಾರದು. ಅವಳ ದನಿಗೇ ಇಬ್ಬರೂ ತಲೆಯೆತ್ತಿದರು. ಅವಳು ಅವರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ ಮತ್ತೆ ಹೇಳಿದಳು, ಅಪ್ಪ ಬರುತ್ತಿಲ್ಲ ಎಂದು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವಿದ್ರೆ ನಾನು ಮತ್ತೆ ಸುಮ್ನಿರ್ತೀನಿ. ಇವ್ರಿಗೆ ಬೇಡ ಅಂತ ಹೇಳ್ಬೋದು. ನಿಮ್ಗೆ ಆಗಲ್ಲ."

ನನ್ನ ಮುಖ ಕಾದು ಕೆಂಪಾಯಿತು. ಹುಡುಗಿಯರಿಬ್ಬರೂ ಚಹಾದ ಲೋಟ ನೋಡತೊಡಗಿದರು. ಬೈಯಬೇಕೆಂದು ಬಾಯಿವರೆಗೆ ಬಂತು. ಅಷ್ಟೆಲ್ಲ ಬೆವರು ಸುರಿಸಿದ್ದು ಇದಕ್ಕಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಮಾನವಾಗಿತ್ತು, ದುಃಖವಾಗಿತ್ತು. ಅವೆರಡರ ಕೆಳಗೆ, ಎಷ್ಟೋ ವಾರಗಳ ನಂತರ ಮೊದಲ ಬಾರಿಗೆ, ಇವಳು ಬದುಕಿ ಬರುತ್ತಾಳೆ ಅನ್ನಿಸಿತು.

"ಆಯ್ತು," ಅಂದೆ. "ಅಲ್ಲೂ ಹೀಗೇ ಹೇಳು."