ಸುರೇಶಣ್ಣನ ಸೇತುವೆಗೆ ಲೈನ್ ಕ್ಲಿಯರ್

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನೀವು ನಂಬುತ್ತಿದ್ದಿರಿ. ತೊಂದರೆ ಏನೆಂದರೆ, ಹೇಳುತ್ತಿರುವವನು ನಾನು.

ಶಿರಾಲಿ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಮಂಜು ಎಂದರೆ ಎಲ್ಲರ ದನಿ ಕದಿಯುವವನು. ಬಸ್ ಕಂಡಕ್ಟರ್, ಮೀನಿನ ಬುಟ್ಟಿಯ ಅಕ್ಕ, ಪಂಚಾಯತಿ ಮೆಂಬರು, ಯಾರನ್ನೂ ಬಿಟ್ಟಿಲ್ಲ. ಒಮ್ಮೆ ಅಪ್ಪನ ದನಿಯಲ್ಲಿ ಅಮ್ಮನಿಗೇ ಫೋನ್ ಮಾಡಿ ಕೋಳಿ ಸಾರು ಮಾಡಿಸಿಕೊಂಡು ಉಂಡಿದ್ದೇನೆ. ನನ್ನ ಸ್ವಂತ ದನಿ ಮಾತ್ರ ತಗಡಿನ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ. ಅದಕ್ಕೇ ಬೇರೆಯವರದ್ದನ್ನು ಕದಿಯುವುದು.

ಹಾಗಾಗಿ ಆ ರಾತ್ರಿ ಕೇಳಿಸಿದ ದನಿ ನನ್ನದಲ್ಲ ಎಂದು ನಾನು ಎಷ್ಟು ಆಣೆ ಹಾಕಿದರೂ, ಕೇಳುವವರು ನನ್ನ ಬಾಯಿಯನ್ನೇ ನೋಡುತ್ತಾರೆ.

ನಮ್ಮದೊಂದು ಆಟಿಕೆ ರೈಲಿನ ಗುಂಪು. ನಾಲ್ಕೇ ಜನ. ಆಟಿಕೆ ಎಂದರೆ ಕುಮಟೆಯ ಮಾಸ್ತರರಿಗೆ ಸಿಟ್ಟು ಬರುತ್ತದೆ, ‘ಮಾದರಿ ರೈಲು’ ಎನ್ನಬೇಕು. ಅವರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವರು. ಇನ್ನೊಬ್ಬರು ಭಟ್ಕಳದ ಬಟ್ಟೆ ಅಂಗಡಿಯ ಇಮ್ತಿಯಾಜ್ ಭಾಯ್. ಮೂರನೆಯವನು ನಾನು. ನಾಲ್ಕನೆಯವನು ಮಾವಿನಕುರ್ವೆಯ ಸುರೇಶಣ್ಣ, ಬೋಟಿನ ಇಂಜಿನ್ ರಿಪೇರಿಯವನು.

ಇಡೀ ರೈಲು ದಾರಿಯನ್ನು ಒಬ್ಬನೇ ಕಟ್ಟುವಷ್ಟು ಜಾಗ ಯಾರ ಮನೆಯಲ್ಲೂ ಇಲ್ಲ. ಅದಕ್ಕೆ ಒಬ್ಬೊಬ್ಬರು ಒಂದೊಂದು ತುಂಡು. ಮಂಚದಷ್ಟು ಉದ್ದದ ಪ್ಲೈವುಡ್ ಪೆಟ್ಟಿಗೆ, ಅದರ ಮೇಲೆ ಹಳಿ, ಗುಡ್ಡ, ಮನೆ. ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಎರಡೂ ತುದಿ ಎಲ್ಲರದ್ದೂ ಒಂದೇ ಅಳತೆ. ಸೇರಿದಾಗ ಬೋಲ್ಟು ಹಾಕಿ ಜೋಡಿಸಿದರೆ ಭಟ್ಕಳದಿಂದ ಕುಮಟೆಗೆ ಗಾಡಿ ಓಡುತ್ತದೆ. ಇಮ್ತಿಯಾಜ್ ಭಾಯ್ ಅವರ ಭಟ್ಕಳದಲ್ಲಿ ಸ್ಟೇಷನ್ನಿಗಿಂತ ಬಿರಿಯಾನಿ ಹೋಟೆಲು ದೊಡ್ಡದು. ನನ್ನ ಶಿರಾಲಿಯ ಗುಡ್ಡ ಸಗಣಿ ಗುಪ್ಪೆಯ ಹಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಸುರೇಶಣ್ಣನದು ಶರಾವತಿ ಸೇತುವೆ. ಅದರ ಬಗ್ಗೆ ಮಾತ್ರ ಯಾರೂ ತಮಾಷೆ ಮಾಡಲಿಲ್ಲ. ನೀರಿಗೆ ಅವನು ಬಣ್ಣ ಬಳಿದಿರಲಿಲ್ಲ, ಬೋಟಿಗೆ ಹಚ್ಚುವ ರೆಸಿನ್ನನ್ನೇ ಪದರ ಪದರವಾಗಿ ಹೊಯ್ದಿದ್ದ. ಬಗ್ಗಿ ನೋಡಿದರೆ ಆಳ ಕಾಣುತ್ತಿತ್ತು...

ನಮ್ಮಲ್ಲಿ ಒಂದು ನಿಯಮ. ಪ್ರತಿ ಪೆಟ್ಟಿಗೆಗೂ ಒಂದು ಹಳೆಯ ಇಂಟರ್‌ಕಾಮ್ ಡಬ್ಬಿ ಕಟ್ಟಿದ್ದೇವೆ, ಒಂದು ಲಾಡ್ಜಿನವರು ಬಿಸಾಡಿದ್ದನ್ನು ನಾನೇ ಸರಿಮಾಡಿದ್ದು. ಗುಂಡಿ ಒತ್ತಿ ಮಾತಾಡಿದರೆ ಎಲ್ಲ ಡಬ್ಬಿಯಲ್ಲೂ ಕೇಳುತ್ತದೆ. ಒಬ್ಬನ ಪೆಟ್ಟಿಗೆಗೆ ಗಾಡಿ ಬಿಡುವ ಮೊದಲು ಅವನನ್ನು ಕೇಳಬೇಕು. ತನ್ನ ಹಳಿ ಖಾಲಿ ಇದೆ ಎಂದು ನೋಡಿಕೊಂಡು ಅವನೇ ‘ಲೈನ್ ಕ್ಲಿಯರ್’ ಹೇಳಬೇಕು. ಅವನ ಬದಲು ಬೇರೆ ಯಾರೂ ಹೇಳುವ ಹಾಗಿಲ್ಲ.

ಕಳೆದ ಮಳೆಗಾಲದ ಶುರುವಿಗೆ, ಅಳಿವೆಯ ಬಾಯಲ್ಲಿ, ನದಿ ಸಮುದ್ರ ಸೇರುವಲ್ಲಿ, ಒಂದು ದೋಣಿ ಮಗುಚಿತು. ಇಂಜಿನ್ ನೋಡಲೆಂದು ಹೋಗಿದ್ದ ಸುರೇಶಣ್ಣ ಅದರಲ್ಲಿದ್ದ. ಉಳಿದಿಬ್ಬರು ಈಜಿ ಬಂದರು. ಅವನು ಬರಲಿಲ್ಲ. ಹೆಣವೂ ಬರಲಿಲ್ಲ.

ಹೆಂಡತಿ ಸಾವಿತ್ರಿ ಅತ್ತಿಗೆ ಹಣೆಯ ಕುಂಕುಮ ಅಳಿಸಲಿಲ್ಲ. ಅಳಿಸು ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ಇಟ್ಟುಕೋ ಎನ್ನಲೂ ಬರಲಿಲ್ಲ. ಕುಮಟೆಯ ತವರಿನವರು ಅವರಿಗೊಂದು ಕೋಣೆ ಸರಿಮಾಡಿ, ಬಾಲವಾಡಿಯಲ್ಲಿ ಕೆಲಸ ನೋಡಿಟ್ಟು ಕಾಯುತ್ತಿದ್ದರು. ಆದರೆ ಗಂಡನ ಸಂಸ್ಕಾರವಾಗದೆ ಹೋಗುವುದು ಹೇಗೆ? ಕೊನೆಗೆ ಸುರೇಶಣ್ಣನ ಅಣ್ಣ ದಾಮೋದರಣ್ಣ ಭಟ್ಟರನ್ನು ಕೇಳಿ ದಿನ ಗೊತ್ತುಮಾಡಿದ. ದೇಹ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಸುಡುತ್ತಾರಲ್ಲ, ಹಾಗೆ.

ಅದರ ಹಿಂದಿನ ರಾತ್ರಿ ಇದು ನಡೆದದ್ದು.

ನಾವು ಹೊನ್ನಾವರದ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿದ್ದೆವು. ಮಾರನೇ ದಿನ ಶಾಲೆ ಮಕ್ಕಳಿಗೆ ರೈಲು ತೋರಿಸುವುದಿತ್ತು. ಊಟದ ಟೇಬಲ್ಲುಗಳ ಮೇಲೆ ಪೆಟ್ಟಿಗೆ ಜೋಡಿಸಿದ್ದೆವು. ಗೋಡೆಗೆಲ್ಲ ಹಳೇ ಸಾಂಬಾರಿನ ವಾಸನೆ, ನೆಲಕ್ಕೆ ಫಿನೈಲಿನ ವಾಸನೆ. ಸೇತುವೆಯ ಜಾಗಕ್ಕೆ ಮಾಸ್ತರರು ಮಾಡಿದ ಬರೀ ಹಲಗೆ.

ಹೊರಗೆ ಗೂಡ್ಸ್ ರಿಕ್ಷಾ ನಿಂತ ಸದ್ದು ಕೇಳಿತು. ದಾಮೋದರಣ್ಣ ಮತ್ತು ಡ್ರೈವರು ಸೇತುವೆಯ ಪೆಟ್ಟಿಗೆ ಹೊತ್ತು ತಂದಿಟ್ಟರು. ಹಿಂದೆ ಅತ್ತಿಗೆ. ನಾಳೆಯಿಂದ ಇದು ಮನೆಯಲ್ಲಿ ಬೇಡವಂತೆ, ನಾವೇ ಇಟ್ಟುಕೊಳ್ಳಬೇಕಂತೆ. ದಾಮೋದರಣ್ಣ ಬೀಡಿ ಸೇದಲು ಹೊರಗೆ ಹೋದ.

ಅತ್ತಿಗೆ ಹೋಗಲಿಲ್ಲ. ಹಲಗೆ ತೆಗೆದು ಸೇತುವೆ ಜೋಡಿಸಿ ಬೋಲ್ಟು ಬಿಗಿಯುವವರೆಗೂ ನೋಡುತ್ತ ನಿಂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಮಂಜು, ನೀ ಅವ್ರ ಹಾಂಗೇ ಮಾತಾಡ್ತಿ ಅಂತ ಅವ್ರೇ ಹೇಳಿ ನಗಾಡ್ತಿದ್ರು.”

ನಾನು ನೆಲ ನೋಡಿದೆ.

“ಭಟ್ಕಳದಿಂದ ಒಂದು ಗಾಡಿ ಬಿಡಿ. ಕುಮಟೆಗೆ ಹೋಗೂದು. ನೀ ಸೇತುವೆ ಹತ್ರ ನಿಂತು ಅವ್ರ ದನಿಲಿ ಒಂದ್ಸಲ ಲೈನ್ ಕ್ಲಿಯರ್ ಹೇಳು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. “ಅವ್ರು ಹೋಗು ಅಂದ ಹಾಂಗೆ ಆತದೆ ನಂಗೆ. ನಾಳೆ ಕಾರ್ಯ ಮಾಡ್ಸ್ತೆ. ಮಾಡ್ಸಿ ತವರಿಗೆ ಹೋಗ್ತೆ.”

ಮಾಸ್ತರರು ನಿಯಮ ನಿಯಮ ಎನ್ನುವವರು. ಅವತ್ತು ಅದನ್ನು ಬದಿಗಿಟ್ಟು ಕುಮಟೆಯ ತುದಿಗೆ ಹೋಗಿ ತಮ್ಮ ಡಬ್ಬಿಯ ಮುಂದೆ ಕೂತರು. ಇಮ್ತಿಯಾಜ್ ಭಾಯ್ ಫೋನನ್ನು ಒಂದು ಲೋಟಕ್ಕೆ ಆನಿಸಿ ವಿಡಿಯೋಗೆ ಇಟ್ಟು, ಭಟ್ಕಳದ ಕಡೆ ನಡೆದರು. ನಾನು ಸೇತುವೆಯ ಮುಂದೆ. ಅತ್ತಿಗೆ ನನ್ನ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಅನುಕರಣೆ ಎಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದಲ್ಲ, ಸ್ವಲ್ಪ ಜಾಸ್ತಿ ಹೇಳುವುದು. ಸುರೇಶಣ್ಣ ಯಾವಾಗಲಾದರೊಮ್ಮೆ ಸೊರ್ ಎಂದು ಮೂಗು ಎಳೆಯುತ್ತಿದ್ದ, ಅಷ್ಟೇ. ನನ್ನ ಸುರೇಶಣ್ಣ ಮಾತಾಡುವ ಮೊದಲು ಪ್ರತಿ ಸಲ ಎಳೆಯುತ್ತಾನೆ. ಎಳೆಯದಿದ್ದರೆ ನನಗೆ ಅವನ ದನಿ ಸಿಗುವುದೇ ಇಲ್ಲ. ಬೀಗಕ್ಕೆ ಕೀಲಿ ಇದ್ದ ಹಾಗೆ.

ಗಾಡಿ ಭಟ್ಕಳ ಬಿಟ್ಟಿತು. ನನ್ನ ಸಗಣಿ ಗುಪ್ಪೆಯನ್ನು ಸುತ್ತಿ ಬಂತು. ಇಂಜಿನ್ನಿನ ಸಣ್ಣ ದೀಪ ಸೇತುವೆಯ ಕಂಬಗಳ ಮೇಲೆ ಬಿತ್ತು. ಇಮ್ತಿಯಾಜ್ ಭಾಯ್ ನಿಯಮದಂತೆ ಡಬ್ಬಿಯಲ್ಲಿ ಕೇಳಿದರು.

“ಸೇತುವೆ... ಗಾಡಿ ಬಿಡ್ಲಾ?”

ನಾನು ಗುಂಡಿ ಒತ್ತಿದೆ. ಬಾಯಿ ತೆರೆದೆ. ಮೂಗು ಎಳೆಯಬೇಕು ಎಂದು ಉಸಿರು ತೆಗೆದುಕೊಂಡೆ...

“ತಡಿ.”

ಮೆತ್ತಗಿನ ದನಿ. ಚಳಿಗೆ ಹಲ್ಲು ಕಟಕಟ ಎನ್ನುವುದನ್ನು ಕಚ್ಚಿ ಹಿಡಿದವರು ಮಾತಾಡುತ್ತಾರಲ್ಲ, ಹಾಗೆ.

“ಸೇತುವೆ ಖಾಲಿ ಇಲ್ಲ. ನಾ ಇನ್ನೂ ಇಲ್ಲೇ.”

ನನ್ನ ಬಾಯಿ ತೆರೆದೇ ಇತ್ತು. ಅದರಿಂದ ಬಂತೋ, ಡಬ್ಬಿಯಿಂದ ಬಂತೋ... ದೇವರಾಣೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಮೂಗು ಎಳೆದ ಸದ್ದು ಇರಲಿಲ್ಲ. ಆ ದನಿಯಲ್ಲಿ ಒಂದು ಚೂರೂ ಜಾಸ್ತಿ ಇರಲಿಲ್ಲ. ಇದ್ದದ್ದು ಇದ್ದ ಹಾಗೆ. ಅಷ್ಟು ಚೆನ್ನಾಗಿ ಸುರೇಶಣ್ಣನ ದನಿಯನ್ನು ನಾನು ಯಾವತ್ತೂ ತೆಗೆದವನಲ್ಲ.

ಬೆರಳು ಗುಂಡಿಯಿಂದ ತೆಗೆದೆ. ಡಬ್ಬಿ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಒಳಗಿನಿಂದ ನೀರು ಮರಕ್ಕೆ ಬಡಿಯುವ ಸದ್ದು... ತಪ್... ತಪ್... ತಪ್... ಸಾಂಬಾರು, ಫಿನೈಲು ಎಲ್ಲದರ ಮೇಲೆ ಡೀಸೆಲ್ಲಿನ ವಾಸನೆ, ಅದರ ಹಿಂದೆ ಕೊಳೆತ ಕೆಸರಿನದ್ದು.

ಅತ್ತಿಗೆ ಕಿರುಚಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಡಬ್ಬಿಗೆ ಬಾಯಿ ಹತ್ತಿರ ತಂದರು. ಮಗುವನ್ನು ಮಲಗಿಸುವಾಗ ಮಾತಾಡುವಷ್ಟು ಸಣ್ಣಗೆ ಕೇಳಿದರು.

“ಚಳಿ ಆತದ್ಯಾ ಅಲ್ಲಿ?”

ಉತ್ತರ ಬರಲಿಲ್ಲ. ತಪ್... ತಪ್... ಆಮೇಲೆ ಅದೂ ನಿಂತಿತು.

ಅಷ್ಟರಲ್ಲಿ ಇನ್ನೊಂದು ನೋಡಿದೆ. ಗಾಡಿ ಸೇತುವೆಯ ತುದಿಯಲ್ಲಿ, ನನ್ನ ಪೆಟ್ಟಿಗೆಗೂ ಅವನ ಪೆಟ್ಟಿಗೆಗೂ ಸಂದು ಕೂಡುವಲ್ಲಿ ನಿಂತಿತ್ತು. ದೀಪ ಉರಿಯುತ್ತಿತ್ತು. ಇಮ್ತಿಯಾಜ್ ಭಾಯ್ ತಾವು ನಿಲ್ಲಿಸಿಲ್ಲ ಎಂದರು. ಕಂಟ್ರೋಲಿನ ನಾಬನ್ನು ಪೂರ್ತಿ ತಿರುಗಿಸಿದರು. ಇಂಜಿನ್ನಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು, ಯಾರೋ ಎದುರಿನಿಂದ ಅಂಗೈ ಕೊಟ್ಟು ತಡೆದ ಹಾಗೆ. ಹಿಂದಕ್ಕೆ ಬಿಟ್ಟರೆ ಸಲೀಸಾಗಿ ಹೋಗುತ್ತಿತ್ತು. ಮುಂದಕ್ಕೆ ಇಲ್ಲ. ಮಾಸ್ತರರು ಬಂದು ಸಂದಿಯ ಮೇಲೆ ಬೆರಳಾಡಿಸಿದರು. ಎರಡೂ ಹಳಿ ಒಂದೇ ಸಮ ಇತ್ತು.

“ಮಂಜು, ಇದೆಂತ ಮಾಡ್ದೆ ನೀನು?” ಎಂದರು ಮಾಸ್ತರರು.

ನಾನಲ್ಲ ಎಂದೆ. ಅದು ನನ್ನ ದನಿಯಲ್ಲೇ ಬಂತು, ತಗಡಿನ ಡಬ್ಬಿಯ ದನಿಯಲ್ಲಿ. ನನಗೇ ನಂಬಿಕೆ ಬರಲಿಲ್ಲ.

ದಾಮೋದರಣ್ಣ ಒಳಗೆ ಬಂದಾಗ ಅತ್ತಿಗೆ ಎದ್ದು ನಿಂತಿದ್ದರು. ಮುಖದಲ್ಲಿ ಅಳು ಇರಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಒಂದು ವಿಷಯ ಖಚಿತವಾದವರ ಮುಖ ಅದು.

“ಭಾವ, ನಾಳೆದು ಬ್ಯಾಡ. ಅವ್ರು ಇನ್ನೂ ಹೋಗಲಿಲ್ಲ.”

ಅವನು ಒಬ್ಬೊಬ್ಬರನ್ನೇ ನೋಡಿದ. ಮಾಸ್ತರರ ಕಣ್ಣು, ಇಮ್ತಿಯಾಜ್ ಭಾಯ್ ಅವರ ಕಣ್ಣು, ಎರಡೂ ನನ್ನ ಮೇಲಿದ್ದವು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಹತ್ತಿರ ಬಂದು ನನ್ನ ಅಂಗಿಯ ಗುಂಡಿ ಹಿಡಿದುಕೊಂಡು, ಬೀಡಿಯ ಉಸಿರಿನಲ್ಲಿ, ಇಷ್ಟೇ ಕೇಳಿದ.

“ನನ್ನ ತಮ್ಮ ನಿಂಗೆ ಎಂತ ಮಾಡಿದ್ದ?”

ಆ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ ರಿಕ್ಷಾಕ್ಕೆ ಹೇರಿದೆವು. ಅತ್ತಿಗೆ ಮುಂದೆ ಕೂರಲಿಲ್ಲ. ಹಿಂದೆ, ಸೇತುವೆಯ ಪಕ್ಕದಲ್ಲಿ, ಅದು ಜಾರದ ಹಾಗೆ ಕೈಯಿಟ್ಟುಕೊಂಡು ಕೂತರು. ಗಾಳಿಗೆ ಸೆರಗು ಹಾರುತ್ತಿತ್ತು. ರಿಕ್ಷಾ ತಿರುಗುವವರೆಗೂ ಹಿಂದಿನ ಕೆಂಪು ದೀಪ ನೋಡಿದೆ.

ಮಾರನೇ ದಿನ ಮಕ್ಕಳು ಬಂದರು. ಹಲಗೆಯ ಮೇಲೆ ಅದೇ ಗಾಡಿ, ಅದೇ ಇಂಜಿನ್, ಒಂದು ಸಲವೂ ನಿಲ್ಲದೆ ಓಡಿತು.

ವಿಡಿಯೋ ಇದೆಯಲ್ಲ ಎನ್ನುತ್ತೀರಿ. ಇದೆ. ಅದರಲ್ಲಿ ಕಾಣುವುದು ನನ್ನ ಬೆನ್ನು. ದನಿ ಕೇಳುತ್ತದೆ, ತುಟಿ ಕಾಣುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮೂಗು ಎಳೆದ ಸದ್ದು ಹುಡುಕುತ್ತೇನೆ. ಅದೊಂದು ಸಿಕ್ಕಿದರೆ, ಮಾಡಿದವನು ನಾನೇ ಎಂದು ದಾಮೋದರಣ್ಣನ ಕಾಲಿಗೆ ಬಿದ್ದು ಬರುತ್ತಿದ್ದೆ. ಅತ್ತಿಗೆಗೂ ಹೇಳುತ್ತಿದ್ದೆ. ಅವರು ಕುಮಟೆಗೆ ಹೋಗುತ್ತಿದ್ದರು.

ಸಿಕ್ಕಿಲ್ಲ.

ಬಾಲವಾಡಿಯ ಕೆಲಸ ಬೇರೆ ಯಾರಿಗೋ ಹೋಯಿತು. ತವರಿನ ಕೋಣೆಯಲ್ಲಿ ಈಗ ತೆಂಗಿನಕಾಯಿ ರಾಶಿ ಹಾಕಿದ್ದಾರಂತೆ. ಸೇತುವೆ ಮಾವಿನಕುರ್ವೆಯ ಮನೆಯ ಜಗಲಿಯಲ್ಲಿದೆ. ರಾತ್ರಿ ಚಳಿಯಾದರೆ ಅತ್ತಿಗೆ ಅದರ ಮೇಲೆ ಒಂದು ಹಳೇ ಕಂಬಳಿ ಹೊದಿಸುತ್ತಾರಂತೆ, ದಾಮೋದರಣ್ಣನ ಮಗಳು ಹೇಳಿದಳು.

ಒಮ್ಮೊಮ್ಮೆ ಅತ್ತಿಗೆ ನನಗೆ ಫೋನ್ ಮಾಡುತ್ತಾರೆ. ಸಿಟ್ಟಿಲ್ಲ, ಬೈಗುಳವಿಲ್ಲ. ಊಟ ಆಯ್ತಾ ಎಂದು ಕೇಳುತ್ತಾರೆ. ಆಮೇಲೆ, “ಒಂದ್ಸಲ ಕೇಳಿ ನೋಡು ಮಂಜು, ಖಾಲಿ ಆಯ್ತಾ ಅಂತ.” ನಾನು ಸಿಗ್ನಲ್ ಇಲ್ಲ ಎನ್ನುತ್ತೇನೆ. ಮೊಬೈಲ್ ಅಂಗಡಿಯಲ್ಲಿ ಕೂತು.

ಸುಳ್ಳಾದರೂ ಸರಿ, ಅವರಿಗೊಂದು ಲೈನ್ ಕ್ಲಿಯರ್ ಕೊಟ್ಟುಬಿಡೋಣ ಎಂದು ಮೊನ್ನೆ ನಿಶ್ಚಯ ಮಾಡಿದೆ. ಮೊದಲು ಅಭ್ಯಾಸಕ್ಕೆಂದು ಬಚ್ಚಲಲ್ಲಿ, ಕನ್ನಡಿಯ ಮುಂದೆ ನಿಂತೆ. ಈ ಸಲ ತುಟಿ ನೋಡಿಕೊಳ್ಳಬಹುದಲ್ಲ. ಮೂಗು ಎಳೆದು ‘ಲೈನ್ ಕ್ಲಿಯರ್’ ಎನ್ನಬೇಕು, ಅಷ್ಟೇ. ಉಸಿರು ತೆಗೆದುಕೊಂಡೆ.

“ತಡಿ.”

ಕನ್ನಡಿಯಲ್ಲಿ ನನ್ನ ತುಟಿ ಅಲ್ಲಾಡಿತ್ತು. ಮೂಗು ಎಳೆದಿರಲಿಲ್ಲ.

ಈಗ ಯಾರ ದನಿಯನ್ನೂ ತೆಗೆಯುವುದಿಲ್ಲ. ನನ್ನದೇ ಮಾತಾಡುವಾಗಲೂ, ಬಾಯಿ ತೆರೆಯುವ ಮೊದಲು, ಒಂದು ಸಲ ಮೂಗು ಎಳೆದುಕೊಳ್ಳುತ್ತೇನೆ. ಆಮೇಲೆ ಬರುವುದು ನನ್ನ ಮಾತೇ ಎಂದು ಗೊತ್ತಾಗಲಿ ಅಂತ.

ಶೀತ ಆಗಿದ್ಯನಾ ಎಂದು ಅಮ್ಮ ಕೇಳುತ್ತಾಳೆ. ಮೂಗು ಎಳೆದು, ಹೌದು ಎನ್ನುತ್ತೇನೆ.